ಮೂವತ್ತನೆಯ ದಿನ
(ನಮ್ಮ ಸಂಘದ ವಾರ್ಷಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಹೊರನಾಡ ಕನ್ನಡಿಗರ ಇಂದಿನ ಹೊಣೆ' ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ, ಭಾಷಾನೀತಿಯನ್ನೋ ಗಡಿಯ ಪ್ರಶ್ನೆಯನ್ನೋ ಕುರಿತ ಮಾತುಗಳನ್ನು ಅವರು ನನ್ನಿಂದ ನಿರೀಕ್ಷಿಸಿದ್ದರು. ನಾನು ಆರಿಸಿಕೊಂಡ ವಿಷಯವನ್ನು ತಿಳಿಸಿದಾಗ ಅವರು ಕ್ಷಣಕಾಲ ಸುಮ್ಮನಾದರು. ಎಳೆಯ ಮಕ್ಕಳ ಕಣ್ಣಿನ ರಕ್ತನಾಳಗಳಲ್ಲಿ ಹುಟ್ಟಿನೊಡನೆ ಬರುವ ದೋಷಗಳ ಬಗ್ಗೆ ಮಾತನಾಡಲು ನಾನು ವೈದ್ಯನಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಆ ಶಾಸ್ತ್ರಕ್ಕೂ ನನ್ನ ಅನ್ನಕ್ಕೂ ಸಂಬಂಧವಿಲ್ಲದಂತೆ ಕೇಂದ್ರ ಸರ್ಕಾರದ ಲೆಕ್ಕ ಪರಿಶೋಧನೆಯ ಕೆಲಸಕ್ಕೆ ಸೇರಿದವನು ನಾನು. ಕಡತದಲ್ಲಿ ಯಾವ ದಿನಾಂಕ ತಪ್ಪಿದೆ, ಯಾವ ಗಡುವು ಮೀರಿದೆ ಎಂದು ಹುಡುಕುವುದು ನನ್ನ ಕಸುಬು. ಅಂಥವನು ತನ್ನ ಮನೆಯಲ್ಲಿಯೇ ಒಂದು ಗಡುವನ್ನು ಕಾಣದೆ ಹೋದನು. ಆ ಕಾರಣದಿಂದ, ವೈದ್ಯನಾಗಿ ಅಲ್ಲ, ಗಡುವು ಮೀರಿದ ಒಬ್ಬ ತಂದೆಯಾಗಿ ನಿಮ್ಮೆದುರು ನಿಂತಿದ್ದೇನೆ. ಈ ವಿಷಯಕ್ಕೂ ನಮ್ಮ ಭಾಷೆಗೂ ನಮ್ಮ ಸಂಘಕ್ಕೂ ಇರುವ ಸಂಬಂಧವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಮಗಳು ಹುಟ್ಟಿದ್ದು 1999ರ ಆಗಸ್ಟ್ ತಿಂಗಳಿನಲ್ಲಿ, ರಾಯಚೂರು ಜಿಲ್ಲೆಯಲ್ಲಿರುವ ಅವಳ ತಾಯಿಯ ತವರಿನಲ್ಲಿ. ಚೊಚ್ಚಲ ಹೆರಿಗೆ, ತುಂಬು ತಿಂಗಳ ಮಗು, ಯಾವ ತೊಂದರೆಯೂ ಇರಲಿಲ್ಲ. ನಾನಾಗ ಉತ್ತರ ಭಾರತದ ಒಂದು ಊರಿನಲ್ಲಿ ಕೆಲಸದಲ್ಲಿದ್ದೆ. ನವೆಂಬರಿನಲ್ಲಿ ಹೆಂಡತಿಯ ಕಾಗದ ಬಂದಿತು. ಮಗುವಿನ ಎಡಗಣ್ಣು ಬಲಗಣ್ಣಿಗಿಂತ ತುಸು ಚಿಕ್ಕದಾಗಿ ಕಾಣುತ್ತದೆ, ದೀಪದ ಮುಂದೆ ಹಿಡಿದರೆ ಪಾಪೆಯ ನಡುವೆ ಬೂದಿ ಬಿಳುಪು ಬಣ್ಣ ಹೊಳೆಯುತ್ತದೆ, ಆ ಕಣ್ಣು ಆಗಾಗ ಒಳಕ್ಕೆ ಹೊರಳುತ್ತದೆ ಎಂದು ಬರೆದಿದ್ದಳು. ಮನೆಯ ಹಿರಿಯರು, ಮೆಳ್ಳೆಗಣ್ಣು ಅದೃಷ್ಟದ ಗುರುತು, ಬೆಳೆಯುತ್ತ ಎಲ್ಲ ಸರಿಹೋಗುತ್ತದೆ ಎಂದಿದ್ದರು. ನಾನು ಓದಿದವನು, ಹಾಗೆ ಹೇಳಲಿಲ್ಲ. ಆದರೆ ನಾನು ಬರೆದ ಉತ್ತರ ಅದಕ್ಕಿಂತ ಒಳ್ಳೆಯದಾಗಿರಲಿಲ್ಲ. 'ಮಾರ್ಚ್ ಮುಗಿಯಲಿ, ರಜೆ ಹಾಕಿ ಬಂದು ಹೈದರಾಬಾದಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ' ಎಂದು ಬರೆದೆ. ಆ ಕಾಗದ ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ.

2000ದ ಮೇ ತಿಂಗಳಿನಲ್ಲಿ ಈ ಊರಿನ ವೈದ್ಯರು ಮಗುವನ್ನು ನೋಡಿದರು. ಮೊದಲು ಅವರು ಸ್ಕ್ಯಾನ್ ಮಾಡಿ, ಇದು ಕಣ್ಣಿನ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ನಮ್ಮನ್ನು ಕೂರಿಸಿಕೊಂಡು, ಗರ್ಭದಲ್ಲಿದ್ದಾಗಲೇ ಕರಗಿಹೋಗಬೇಕಾಗಿದ್ದ ಒಂದು ರಕ್ತನಾಳ ಈ ಕಣ್ಣಿನಲ್ಲಿ ಕರಗದೆ ಉಳಿದಿದೆ ಎಂದು ವಿವರಿಸಿದರು. ಶಸ್ತ್ರಚಿಕಿತ್ಸೆ ಮಾಡಬಹುದು, ಕಣ್ಣನ್ನು ಉಳಿಸಬಹುದು. ಆದರೆ ನೋಟದ ಆಸೆ ಹೆಚ್ಚಿಲ್ಲ ಎಂದರು. 'ಮೂರು ತಿಂಗಳಿನಲ್ಲಿ ಬಂದಿದ್ದರೆ?' ಎಂದು ನಾನು ಕೇಳಿದೆ. ಅವರು ಒಳ್ಳೆಯವರು. 'ಆಗಲೂ ಮಾತು ಕೊಡಲು ಆಗುತ್ತಿರಲಿಲ್ಲ' ಎಂದರು. ಆಗಲೂ ಕುರುಡೇ ಆಗುತ್ತಿತ್ತು ಎಂದು ಅವರು ಹೇಳಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ನಾನು ಇಪ್ಪತ್ತು ವರ್ಷಕ್ಕೂ ಮೀರಿ ಹೊತ್ತುಕೊಂಡು ಬಂದಿದ್ದೇನೆ. ಮಗಳು ಈಗ ಶಿಕ್ಷಕಿ. ಒಂದೇ ಕಣ್ಣಿನಲ್ಲಿ ಓದಿ ಮುಂದೆ ಬಂದವಳು. ಉಳಿದ ಕಣ್ಣಿಗೆ ಪೆಟ್ಟು ಬೀಳದಿರಲೆಂದು ಒಡೆಯದ ಕನ್ನಡಕವನ್ನು ಸದಾ ಧರಿಸುತ್ತಾಳೆ. 'ಅಪ್ಪಾ, ನನ್ನ ವಿಷಯ ಹೇಳು, ಯಾರಿಗಾದರೂ ಉಪಯೋಗವಾದೀತು' ಎಂದು ಅವಳೇ ಹೇಳಿದ್ದರಿಂದ ಇಷ್ಟನ್ನು ಹೇಳಿದೆ.

ಇನ್ನು ಶಾಸ್ತ್ರದ ಮಾತಿಗೆ ಬರುತ್ತೇನೆ. ಎಂ.ಎಸ್ಸಿ. ತರಗತಿಯಲ್ಲಿ ಕಾವು ಕೊಟ್ಟ ಕೋಳಿಮೊಟ್ಟೆಯನ್ನು ಮೂರನೆಯ ದಿನ ಒಡೆದು ನೋಡುತ್ತಿದ್ದೆವು. ಹಳದಿಯ ಮೇಲೆ ಕೆಂಪು ದಾರಗಳಂತೆ ರಕ್ತನಾಳಗಳು ಹರಡಿಕೊಂಡು, ನಡುವೆ ಚುಕ್ಕೆಯಂಥ ಹೃದಯ ಮಿಡಿಯುತ್ತಿರುತ್ತಿತ್ತು. ಆ ನಾಳಗಳೆಲ್ಲ ಕೆಲಸ ಮುಗಿದ ಮೇಲೆ ಇಲ್ಲವಾಗುತ್ತವೆ ಎಂದು ಮೇಷ್ಟ್ರು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಬಹಳ ಕಾಲದ ಮೇಲೆ.

ಮನುಷ್ಯನ ಕಣ್ಣು ಗರ್ಭದಲ್ಲಿ ರೂಪುಗೊಳ್ಳುವಾಗ ಅದರೊಳಗಿನ ಮಸೂರಕ್ಕೆ ಆಹಾರ ಒದಗಿಸಲು ಒಂದು ತಾತ್ಕಾಲಿಕ ರಕ್ತನಾಳವಿರುತ್ತದೆ. ಅದು ಕಣ್ಣಿನ ಹಿಂಬದಿಯಿಂದ ಹೊರಟು, ನಡುವಿನ ಲೋಳೆಯಂಥ ಭಾಗವನ್ನು ಹಾಯ್ದು, ಮಸೂರವನ್ನು ಬಲೆಯಂತೆ ಸುತ್ತಿಕೊಳ್ಳುತ್ತದೆ. ಮನೆ ಕಟ್ಟುವಾಗ ಗೋಡೆಗೆ ಒರಗಿಸಿ ಗಳುಗಳ ಸಾರುವೆ ಕಟ್ಟುತ್ತೇವಲ್ಲ, ಅದರ ಹಾಗೆ. ಕಟ್ಟಡ ಮುಗಿದ ಮೇಲೆ ಸಾರುವೆಯನ್ನು ಬಿಚ್ಚಬೇಕು. ಈ ನಾಳವೂ ಗರ್ಭದ ಏಳು ಎಂಟನೆಯ ತಿಂಗಳ ಹೊತ್ತಿಗೆ ಕರಗಿ, ಬೆಳಕಿನ ದಾರಿಯನ್ನು ತೆರವು ಮಾಡಿಕೊಡುತ್ತದೆ. ಕೆಲವು ಮಕ್ಕಳಲ್ಲಿ ಅದು ಪೂರ್ತಿಯಾಗಿ ಕರಗುವುದಿಲ್ಲ. ಉಳಿದ ನಾಳ ಮತ್ತು ಅದರ ಸುತ್ತ ಬೆಳೆದ ಬಿಳಿಯ ಅಂಗಾಂಶ ಮಸೂರದ ಹಿಂದೆ ಪರದೆಯಂತೆ ನಿಂತುಬಿಡುತ್ತವೆ. ಕೆಲವೊಮ್ಮೆ ಅವು ಹಿಂದಿನ ಅಕ್ಷಿಪಟಲವನ್ನೂ ಜಗ್ಗುತ್ತವೆ. ಆ ಕಣ್ಣು ಸಾಮಾನ್ಯವಾಗಿ ಇನ್ನೊಂದಕ್ಕಿಂತ ಚಿಕ್ಕದು. ಹೆಚ್ಚಿನ ಮಕ್ಕಳಲ್ಲಿ ಒಂದೇ ಕಣ್ಣಿಗೆ ಬರುತ್ತದೆ; ತುಂಬು ತಿಂಗಳಲ್ಲಿ ಹುಟ್ಟಿದ ಆರೋಗ್ಯವಂತ ಮಗುವಿಗೂ ಬರುತ್ತದೆ. 1955ರಲ್ಲಿ ಅಮೆರಿಕದ ಡಾ. ಆಲ್ಜರ್ನನ್ ರೀಸ್ ಎಂಬುವರು ಇದನ್ನು ವಿವರವಾಗಿ ವರ್ಣಿಸಿದರು. 1997ರಲ್ಲಿ ಡಾ. ಮಾರ್ಟನ್ ಗೋಲ್ಡ್‌ಬರ್ಗ್ ಇದಕ್ಕೆ 'ಉಳಿದುಕೊಂಡ ಭ್ರೂಣ ರಕ್ತನಾಳಗಳು' ಎಂಬ ಅರ್ಥದ ಹೆಸರನ್ನು ಸೂಚಿಸಿದರು. ಇಂಗ್ಲಿಷಿನಲ್ಲಿ ಅದು ಪಿ.ಎಫ್.ವಿ. ಎಂಬ ಮೂರು ಅಕ್ಷರ.

ಇಲ್ಲಿ ಕಾಲಕ್ಕೆ ಏಕೆ ಇಷ್ಟು ಬೆಲೆ ಎಂಬುದನ್ನು ತಿಳಿಯಬೇಕು. ಮಗು ಹುಟ್ಟುವಾಗ ನೋಡುವುದನ್ನು ಕಲಿತು ಬಂದಿರುವುದಿಲ್ಲ. ಕಣ್ಣು ಕಳಿಸುವ ಚಿತ್ರವನ್ನು ಓದುವುದನ್ನು ಮಿದುಳು ಮೊದಲ ತಿಂಗಳುಗಳಲ್ಲಿ ಕಲಿಯುತ್ತದೆ. ಒಂದು ಕಣ್ಣಿನಿಂದ ಚಿತ್ರವೇ ಬಾರದಿದ್ದರೆ ಮಿದುಳು ಆ ಕಣ್ಣನ್ನು ಕೈಬಿಟ್ಟು ಇನ್ನೊಂದನ್ನು ನೆಚ್ಚಿಕೊಳ್ಳುತ್ತದೆ. ಇದನ್ನೇ 'ಸೋಮಾರಿ ಕಣ್ಣು' ಎನ್ನುವುದು. ತಡವಾಗಿ ಪರದೆ ತೆಗೆದರೆ ಬೆಳಕು ಒಳಗೆ ಹೋಗುತ್ತದೆ, ನೋಟ ಹುಟ್ಟುವುದಿಲ್ಲ. ಮೊದಲ ಕೆಲವು ತಿಂಗಳುಗಳಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿ, ಮಸೂರದ ಬದಲಿಗೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ಪಟ್ಟಿ ಹಾಕಿ, ದುರ್ಬಲ ಕಣ್ಣಿಗೆ ಕೆಲಸ ಕಲಿಸಬೇಕು. ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸವಿದು. ದೋಷ ಕಣ್ಣಿನ ಮುಂಭಾಗಕ್ಕೆ ಸೀಮಿತವಾಗಿದ್ದರೆ ಫಲ ಹೆಚ್ಚು; ಅಕ್ಷಿಪಟಲವೂ ಕೆಟ್ಟಿದ್ದರೆ ಕಡಿಮೆ.

ಹಿರಿಯರಿಗೆ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳು ನೆನಪಿರಬಹುದು. ಹಳ್ಳಿ ಹಳ್ಳಿಗೆ ಹೋಗಿ, ಸಾವಿರಾರು ಜನ ವೃದ್ಧರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟ ಪುಣ್ಯಾತ್ಮರು ಅವರು. ಆ ಶಿಬಿರಗಳಿಂದ ನಮ್ಮ ಜನ ಕಣ್ಣಿನ ವೈದ್ಯವನ್ನು ನಂಬುವುದನ್ನು ಕಲಿತರು. ಅದರ ಜೊತೆಗೆ ಇನ್ನೊಂದನ್ನೂ ಕಲಿತರು: ಕಣ್ಣಿಗೆ ಕಾಯಬಹುದು, ಈ ವರ್ಷ ಆಗದಿದ್ದರೆ ಮುಂದಿನ ವರ್ಷದ ಶಿಬಿರಕ್ಕೆ ಹೋಗಬಹುದು ಎಂಬುದು. ಎಪ್ಪತ್ತು ವರ್ಷದ ಅಜ್ಜನ ಪೊರೆಗೆ ಈ ಮಾತು ಬಹುಮಟ್ಟಿಗೆ ಸರಿ, ಏಕೆಂದರೆ ಅವನ ಮಿದುಳು ನೋಡುವುದನ್ನು ಎಂದೋ ಕಲಿತಿದೆ. ಎಪ್ಪತ್ತು ದಿನದ ಮಗುವಿಗೆ ಇದು ಪೂರ್ತಿ ತಪ್ಪು. ನಾನು 'ಮಾರ್ಚ್ ಮುಗಿಯಲಿ' ಎಂದು ಬರೆದಾಗ ನನ್ನ ಮನಸ್ಸಿನಲ್ಲಿದ್ದದ್ದು ಅಜ್ಜನ ಕಣ್ಣಿನ ಲೆಕ್ಕ.

ರಕ್ತನಾಳಗಳ ದೋಷ ಇದೊಂದೇ ಅಲ್ಲ. ಇನ್ನೆರಡನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1908ರಲ್ಲಿ ಜಾರ್ಜ್ ಕೋಟ್ಸ್ ಎಂಬ ವೈದ್ಯರು ವಿವರಿಸಿದ ವ್ಯಾಧಿಯಲ್ಲಿ ಅಕ್ಷಿಪಟಲದ ನಾಳಗಳು ಅಲ್ಲಲ್ಲಿ ಉಬ್ಬಿ, ಸೋರಿ, ಹಳದಿ ಕೊಬ್ಬಿನಂಥ ದ್ರವ ಪಟಲದ ಕೆಳಗೆ ನಿಲ್ಲುತ್ತದೆ. ಇದು ಗಂಡುಮಕ್ಕಳಲ್ಲಿ ಹೆಚ್ಚು. ಬಹುತೇಕ ಒಂದೇ ಕಣ್ಣಿಗೆ ಬರುತ್ತದೆ. ಶಾಲೆಗೆ ಸೇರಿದ ಮೇಲೆ ಪತ್ತೆಯಾಗುವುದೇ ಹೆಚ್ಚು, ಏಕೆಂದರೆ ಒಂದು ಕಣ್ಣು ಚೆನ್ನಾಗಿರುವ ಮಗು ದೂರು ಹೇಳುವುದಿಲ್ಲ. ಬೇಗ ಕಂಡರೆ ಸೋರುವ ನಾಳಗಳನ್ನು ಲೇಸರಿನಿಂದಲೋ ಅತಿಶೀತದಿಂದಲೋ ಮುಚ್ಚಬಹುದು. ಇನ್ನೊಂದು ಕುಟುಂಬದಲ್ಲಿ ಹರಿದು ಬರುವ ದೋಷ. 1969ರಲ್ಲಿ ಕ್ರಿಸ್ವಿಕ್ ಮತ್ತು ಶೆಪೆನ್ಸ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ತುಂಬು ತಿಂಗಳ ಮಗುವಿನಲ್ಲಿಯೂ ಅಕ್ಷಿಪಟಲದ ಅಂಚಿನವರೆಗೆ ರಕ್ತನಾಳಗಳು ತಲುಪಿರುವುದಿಲ್ಲ. ತಂದೆಗೋ ತಾಯಿಗೋ ಅದೇ ದೋಷ ತೀರ ಸೌಮ್ಯವಾಗಿ ಇದ್ದು, ಅವರಿಗೆ ಗೊತ್ತೇ ಇಲ್ಲದಿರಬಹುದು. ಆದುದರಿಂದ ಒಂದು ಮಗುವಿಗೆ ಇದು ಕಂಡರೆ ತಂದೆತಾಯಿ, ಒಡಹುಟ್ಟಿದವರು ಎಲ್ಲರೂ ಕಣ್ಣನ್ನು ಔಷಧಿ ಹಾಕಿ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದರ ಕೆಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಮನೆಗಳು ಇದನ್ನು ತಿಳಿದಿರಬೇಕು. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ; ನನ್ನ ತಂದೆತಾಯಿಯೂ ಸೋದರ ಸಂಬಂಧದವರೇ.

ಈ ಎಲ್ಲಕ್ಕಿಂತ ಇಂದು ನಮ್ಮ ದೇಶದಲ್ಲಿ ಹೆಚ್ಚು ಮಕ್ಕಳನ್ನು ಬಾಧಿಸುವ, ಮತ್ತು ಸಮಯಕ್ಕೆ ನೋಡಿದರೆ ಹೆಚ್ಚಿನಂಶ ತಡೆಯಬಹುದಾದ ರಕ್ತನಾಳದ ದೋಷ ಇನ್ನೊಂದಿದೆ. ಅದು ಹುಟ್ಟಿನೊಡನೆ ಬರುವುದಲ್ಲ, ಬೇಗ ಹುಟ್ಟಿದ್ದರಿಂದ ಬರುವುದು. ವೈದ್ಯರು ಆರ್.ಒ.ಪಿ. ಎನ್ನುತ್ತಾರೆ, ಅಕಾಲ ಜನನದ ಅಕ್ಷಿಪಟಲ ವ್ಯಾಧಿ ಎಂದು ನಾವು ಕರೆಯಬಹುದು.

ಅಕ್ಷಿಪಟಲದ ರಕ್ತನಾಳಗಳು ಗರ್ಭದ ಸುಮಾರು 16ನೆಯ ವಾರದಲ್ಲಿ ದೃಷ್ಟಿನರದ ಬುಡದಿಂದ ಹೊರಟು ಅಂಚಿನ ಕಡೆಗೆ ಸಾಗುತ್ತವೆ. ಮೂಗಿನ ಬದಿಯ ಅಂಚನ್ನು 36ನೆಯ ವಾರದ ಹೊತ್ತಿಗೂ, ಕಿವಿಯ ಬದಿಯ ಅಂಚನ್ನು 40ನೆಯ ವಾರದ ಹೊತ್ತಿಗೂ ತಲುಪುತ್ತವೆ. ನಮ್ಮ ರಾಯಚೂರಿನ ಕಡೆಯವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಇದು ತುಂಗಭದ್ರೆಯ ಎಡದಂಡೆ ಕಾಲುವೆ ಇದ್ದ ಹಾಗೆ. ಮೇಲಿನ ಹೊಲಗಳಿಗೆ ಮೊದಲು ನೀರು, ಕೊನೆಯ ಭಾಗದ ಹೊಲಗಳಿಗೆ ಕಟ್ಟಕಡೆಗೆ. ಏಳನೆಯ ತಿಂಗಳಲ್ಲಿಯೇ ಮಗು ಹುಟ್ಟಿಬಿಟ್ಟರೆ ಕಾಲುವೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊರಗಿನ ಆಮ್ಲಜನಕ, ಅದರಲ್ಲೂ ಅಳತೆ ಮೀರಿ ಕೊಟ್ಟ ಆಮ್ಲಜನಕ, ನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ. ಕೆಲವು ವಾರಗಳ ಮೇಲೆ ರಕ್ತ ತಲುಪದ ಅಂಚಿನ ಭಾಗ 'ನನಗೆ ಬೇಕು' ಎಂದು ಒಂದು ರಾಸಾಯನಿಕ ಸಂದೇಶ ಕಳಿಸತೊಡಗುತ್ತದೆ. ಆಗ ಹೊಸ ನಾಳಗಳು ಹುಟ್ಟುತ್ತವೆ. ಆದರೆ ಕ್ರಮವಾಗಿ ಅಲ್ಲ, ಒಡ್ಡು ಒಡೆದ ನೀರಿನಂತೆ ಹರಡುತ್ತವೆ. ಅವು ಸುಲಭವಾಗಿ ಒಡೆಯುತ್ತವೆ, ಗಾಯದ ಕಲೆಯಂತೆ ಗಟ್ಟಿಯಾಗುತ್ತವೆ, ಕೊನೆಗೆ ಅಕ್ಷಿಪಟಲವನ್ನೇ ಅದರ ನೆಲೆಯಿಂದ ಕಿತ್ತುಬಿಡುತ್ತವೆ. ಹಾಗೆ ಕಿತ್ತ ಮೇಲೆ ವೈದ್ಯರು ಮಾಡಬಹುದಾದದ್ದು ಬಹಳ ಸ್ವಲ್ಪ.

ಈ ವ್ಯಾಧಿಯನ್ನು 1942ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಟೆರಿ ಎಂಬುವರು ಮೊದಲು ವರದಿ ಮಾಡಿದರು. 1951ರಲ್ಲಿ ಆಸ್ಟ್ರೇಲಿಯದ ಡಾ. ಕೇಟ್ ಕ್ಯಾಂಬೆಲ್ ಆಮ್ಲಜನಕದ ಕಡೆಗೆ ಬೆರಳು ತೋರಿಸಿದರು. 1950ರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ. ಆಗ ಅದು ಶ್ರೀಮಂತ ದೇಶಗಳ ವ್ಯಾಧಿಯಾಗಿತ್ತು. ಬಡ ದೇಶಗಳಲ್ಲಿ ಅಷ್ಟು ಬೇಗ ಹುಟ್ಟಿದ ಮಕ್ಕಳು ಬದುಕುತ್ತಲೇ ಇರಲಿಲ್ಲ. ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳ ವಿಶೇಷ ಘಟಕಗಳು ಬಂದಿವೆ. ಒಂದು ಕಿಲೋ ತೂಕದ ಮಕ್ಕಳು ಬದುಕುತ್ತಿದ್ದಾರೆ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದರೆಂದು ಅಂದಾಜು. ಇದು ಲೋಕದಲ್ಲಿಯೇ ಅತಿ ಹೆಚ್ಚು. ಜೀವ ಉಳಿಸಿದ ಮೇಲೆ ಕಣ್ಣು ಉಳಿಸುವ ಹೊಣೆಯೂ ಬರುತ್ತದೆ.

ಈ ಹೊಣೆಯನ್ನು ಮೊದಮೊದಲು ಹೊತ್ತ ಊರುಗಳಲ್ಲಿ ನಮ್ಮ ಹೈದರಾಬಾದೂ ಒಂದು. ಚಿತ್ರ ನಿರ್ಮಾಪಕ ಎಲ್.ವಿ. ಪ್ರಸಾದ್ ಅವರ ಹೆಸರಿನ ಕಣ್ಣಿನ ಸಂಸ್ಥೆಯನ್ನು ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರು 1987ರಲ್ಲಿ ಇಲ್ಲಿ ಆರಂಭಿಸಿದರು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಡಾ. ಸುಭದ್ರಾ ಜಲಾಲಿ ಮತ್ತು ಅವರ ಸಂಗಡಿಗರು, ಮಕ್ಕಳು ತಮ್ಮಲ್ಲಿಗೆ ಬರಲೆಂದು ಕಾಯದೆ, ಹೈದರಾಬಾದ್ ಮತ್ತು ಸಿಕಂದರಾಬಾದಿನ ನವಜಾತ ಶಿಶು ಘಟಕಗಳಿಗೆ ತಾವೇ ಹೋಗಿ ಪರೀಕ್ಷಿಸತೊಡಗಿದರು. ಅವರ ಅನುಭವ ಒಂದು ಮುಖ್ಯ ಸಂಗತಿಯನ್ನು ತೋರಿಸಿತು. ಅಮೆರಿಕದಲ್ಲಿ 30 ವಾರ ಅಥವಾ 1500 ಗ್ರಾಂ ಒಳಗಿನ ಮಕ್ಕಳನ್ನು ಮುಖ್ಯವಾಗಿ ನೋಡುತ್ತಾರೆ. ಆ ಅಳತೆಗೋಲನ್ನು ಇಲ್ಲಿ ಬಳಸಿದರೆ ಅದಕ್ಕಿಂತ ದೊಡ್ಡ ಮಕ್ಕಳು ಕಣ್ಣು ಕಳೆದುಕೊಳ್ಳುತ್ತಾರೆ. ಇಂದು ಭಾರತದ ನಿಯಮವೆಂದರೆ, 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2000 ಗ್ರಾಂ ಒಳಗಿನ ಪ್ರತಿ ಮಗುವಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು. ತೀರ ಚಿಕ್ಕ ಮಕ್ಕಳನ್ನು, ಅಂದರೆ 28 ವಾರ ಅಥವಾ 1200 ಗ್ರಾಂ ಒಳಗಿನವರನ್ನು, ಎರಡು ಮೂರು ವಾರದಲ್ಲಿಯೇ ನೋಡಬೇಕು. 'ತೀಸ್ ದಿನ್ ರೋಶನಿ ಕೇ', ಬೆಳಕಿಗೆ ಮೂವತ್ತು ದಿನ, ಎಂಬ ಘೋಷಣೆ ಹುಟ್ಟಿದ್ದು ಈ ಊರಿನಲ್ಲಿ. ವ್ಯಾಧಿ ಚಿಕಿತ್ಸೆಯ ಹಂತ ಮುಟ್ಟಿದ್ದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಕಣ್ಣಿನೊಳಗೆ ಚುಚ್ಚುಮದ್ದು ಕೊಡಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ನಾಳಗಳು ಅಂಚು ಮುಟ್ಟುವವರೆಗೆ ಹೇಳಿದ ದಿನಕ್ಕೆ ಮತ್ತೆ ಮತ್ತೆ ಹೋಗಬೇಕು.

ಇನ್ನು ಎರಡು ವರ್ಷದ ಹಿಂದಿನ ಒಂದು ಘಟನೆಯನ್ನು ಹೇಳುತ್ತೇನೆ. ಸಹೋದ್ಯೋಗಿಯೊಬ್ಬರ ಮೊಮ್ಮಗುವನ್ನು ನೋಡಲು ಈ ಊರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಶಿಶು ಘಟಕದ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಗಂಟು ಕಟ್ಟಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅವಳ ತಾಯಿ. ಅವರ ಮಾತು ಕೇಳಿ ನಮ್ಮ ಕಡೆಯವರೆಂದು ತಿಳಿಯಿತು. ಲಿಂಗಸುಗೂರು ಸೀಮೆಯವರು. ಮಗು 31 ವಾರಕ್ಕೆ ಹುಟ್ಟಿ, 1350 ಗ್ರಾಂ ಇದ್ದು, ಇಪ್ಪತ್ತಾರು ದಿನದ ಆರೈಕೆಯ ಮೇಲೆ ಅಂದು ಮನೆಗೆ ಹೊರಟಿತ್ತು. 'ಯಾವಾಗ ಮತ್ತೆ ಬರಾಕ ಹೇಳ್ಯಾರ ತಂಗಿ?' ಎಂದು ಕೇಳಿದೆ.

'ತಿಂಗಳಾದ ಮ್ಯಾಲ ಏನರ ತ್ರಾಸ ಆದ್ರ ಕಣ್ಣಿನ ಡಾಕ್ಟರಿಗೆ ತೋರಸ್ರಿ ಅಂದಾರ್ರಿ ಅಣ್ಣಾರ. ಕೂಸು ಅರಾಮ ಐತ್ರಿ, ಕಣ್ಣು ಬಿಟ್ಟು ನೋಡ್ತೈತಿ' ಎಂದಳು.

ಬಿಡುಗಡೆಯ ಚೀಟಿಯನ್ನು ಕೇಳಿ ಓದಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಯ ಪುಟದಲ್ಲಿ, ಆರ್.ಒ.ಪಿ. ಪರೀಕ್ಷೆ ಮೂವತ್ತನೆಯ ದಿನದೊಳಗೆ ಆಗಬೇಕೆಂದು ಇಂಗ್ಲಿಷಿನಲ್ಲಿ, ದಿನಾಂಕ ಸಮೇತ ಬರೆದಿತ್ತು. ಬಾಯಿಮಾತಿನಲ್ಲಿಯೂ ಯಾರೋ ತೆಲುಗು ಹಿಂದಿ ಬೆರೆಸಿ ಹೇಳಿದ್ದರು. 'ತಿಂಗಳಿನೊಳಗೆ' ಎಂಬುದು 'ತಿಂಗಳಾದ ಮೇಲೆ' ಎಂದಾಗಿತ್ತು. 'ಕಡ್ಡಾಯವಾಗಿ' ಎಂಬುದು 'ತ್ರಾಸಾದರೆ' ಎಂದಾಗಿತ್ತು. ಆ ಹುಡುಗಿ ಪಿ.ಯು.ಸಿ. ಪಾಸಾದವಳು. ತನ್ನ ಭಾಷೆಯಲ್ಲಿ ಪತ್ರಿಕೆ ಓದುವವಳು, ಅರ್ಜಿ ಬರೆಯಬಲ್ಲವಳು. ಆ ಬೆಂಚಿನ ಮೇಲೆ ಅವಳು ಅನಕ್ಷರಸ್ಥೆಯಾಗಿದ್ದಳು. ಸಂಜೆಯ ಬಸ್ಸಿಗೆ ಊರಿಗೆ ಹೋಗಿದ್ದರೆ, ಮೂವತ್ತನೆಯ ದಿನ ಅವಳು ಕೂಸಿಗೆ ಎರೆದು ತೊಟ್ಟಿಲಿಗೆ ಹಾಕುತ್ತಿದ್ದಳು.

ಅವರನ್ನು ಅಂದು ನಮ್ಮ ಮನೆಯಲ್ಲಿಯೇ ಇರಿಸಿಕೊಂಡೆವು. ಇಪ್ಪತ್ತೊಂಬತ್ತನೆಯ ದಿನ ಪರೀಕ್ಷೆಯಾಯಿತು. ಎರಡೂ ಕಣ್ಣಿನಲ್ಲಿ ಚಿಕಿತ್ಸೆ ಬೇಕಾಗುವಷ್ಟು ವ್ಯಾಧಿ ಇತ್ತು. ಎರಡು ದಿನದೊಳಗೆ ಲೇಸರ್ ಕೊಟ್ಟರು. ಆ ಹುಡುಗ ಈಗ ಚಿಕ್ಕ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಾನೆಂದು ಅವನಜ್ಜಿ ಫೋನಿನಲ್ಲಿ ಹೇಳುತ್ತಿರುತ್ತಾರೆ. ನನ್ನ ಹೆಚ್ಚುಗಾರಿಕೆ ಇದರಲ್ಲಿ ಏನೂ ಇಲ್ಲ. ಒಂದು ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳಿದೆ, ಅಷ್ಟೆ. ಆದರೆ ಆ ದಿನ ನಾನು ಆ ಕಡೆ ಹೋಗದಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಎರಡು ಕಣ್ಣುಗಳ ಬೆಳಕು ಹೀಗೆ ಒಬ್ಬ ಅಪರಿಚಿತನ ಆಕಸ್ಮಿಕ ಭೇಟಿಯನ್ನು ಅವಲಂಬಿಸಿರಬಾರದು.

ಇಲ್ಲಿಗೆ ನಮ್ಮ ಸಂಘದ ವಿಷಯ ಬಂದಿತು. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯ ಎಂಬುದರ ಭಾಗವಾಗಿದ್ದವು. ದೊಡ್ಡ ಕಾಯಿಲೆ ಎಂದರೆ ಉಸ್ಮಾನಿಯಾ ಆಸ್ಪತ್ರೆ, ಮಕ್ಕಳ ಕಾಯಿಲೆ ಎಂದರೆ ನಿಲೋಫರ್ ಎಂದು ನಮ್ಮ ಅಜ್ಜ ಅಜ್ಜಿಯರು ಹೇಳುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯಾಗಿ ಗಡಿ ಬಂದಿತು; ಆಸ್ಪತ್ರೆಯ ದಾರಿ ಮಾತ್ರ ಹಳೆಯದೇ ಉಳಿಯಿತು. ರಾಯಚೂರಿನಿಂದ ಬೆಂಗಳೂರು ಇಲ್ಲಿಗಿಂತ ಎರಡು ಪಟ್ಟು ದೂರ. ಸಂವಿಧಾನದ 371(ಜೆ) ವಿಧಿ ಬಂದಿತು, 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು, ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಜನ ಧರಣಿ ಕುಳಿತರು. ಸರ್ಕಾರಿ ನೌಕರನಾದ ನಾನು ಅದರ ರಾಜಕೀಯವನ್ನು ಚರ್ಚಿಸುವಂತಿಲ್ಲ. ಆದರೆ ಇಂದಿಗೂ ಆ ಜಿಲ್ಲೆಗಳ ತಾಯಂದಿರು ಈ ಊರಿಗೆ ಬರುತ್ತಾರೆ ಎಂಬುದು ರಾಜಕೀಯವಲ್ಲ, ಕಣ್ಣಿಗೆ ಕಾಣುವ ಸತ್ಯ.

ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ವ್ಯಾಧಿಯೂ ಸೇರಿದೆ. 2017ರಲ್ಲಿ ನವಜಾತ ಶಿಶುಗಳ ಕಣ್ಣಿನ ಪರೀಕ್ಷೆಗೆ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಂತೆ, ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ನಿರ್ಣಯ ಹೇಳುತ್ತಾರೆ. ಸರ್ವೋಚ್ಚ ನ್ಯಾಯಾಲಯವು 2015ರ ಜುಲೈ 1ರಂದು ಒಂದು ಮಹತ್ವದ ತೀರ್ಪು ಕೊಟ್ಟಿತು. 1996ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿ, ಈ ಪರೀಕ್ಷೆಯಾಗದೆ ಕುರುಡಾದ ಹೆಣ್ಣುಮಗುವಿಗೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಪರೀಕ್ಷೆಯ ವಿಷಯವನ್ನು ತಂದೆತಾಯಿಗೆ ತಿಳಿಸುವುದು ವೈದ್ಯರ ಕರ್ತವ್ಯವೆಂಬುದು ಇದರಿಂದ ಸ್ಪಷ್ಟವಾಯಿತು. ನಾನು ಮುಂದಿಡುವ ಪ್ರಶ್ನೆ ಅದರ ಮುಂದಿನದು. ತಿಳಿಸಿದ ಮಾತು ತಾಯಿಗೆ ತಿಳಿಯದ ಭಾಷೆಯಲ್ಲಿದ್ದರೆ, ಅದು ತಿಳಿಸಿದಂತಾಯಿತೆ?

ನಾವು ಇಲ್ಲಿ ಪ್ರತಿ ನವೆಂಬರಿನಲ್ಲಿ ಧ್ವಜ ಏರಿಸುತ್ತೇವೆ, ನಾಟಕ ಆಡುತ್ತೇವೆ, ಊಟ ಮಾಡುತ್ತೇವೆ. ಅದೆಲ್ಲ ಇರಲಿ, ನನಗೂ ಅದು ಬೇಕು. ಅದರ ಜೊತೆಗೆ ಮೂರು ಸಣ್ಣ ಕೆಲಸಗಳನ್ನು ಸಂಘದ ಮುಂದಿಡುತ್ತೇನೆ. ಮೊದಲನೆಯದು, ಒಂದೇ ಹಾಳೆಯ ಕನ್ನಡ ಕರಪತ್ರ. ವೈದ್ಯರಿಂದ ತಿದ್ದಿಸಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಶಿಶು ಘಟಕಗಳಿಗೆ ಕೊಡೋಣ. ಹುಟ್ಟಿದ ದಿನ, ಮೂವತ್ತನೆಯ ದಿನ, ಮುಂದಿನ ಭೇಟಿಯ ದಿನ ಎಂದು ಮೂರು ಖಾಲಿ ಮನೆಗಳು ಅದರಲ್ಲಿರಲಿ. ಎರಡನೆಯದು, ಚೀಟಿ ಓದಿ ಹೇಳುವವರ ಪಟ್ಟಿ. ನಮ್ಮಲ್ಲಿ ನಿವೃತ್ತರು ಬೇಕಾದಷ್ಟು ಜನ ಇದ್ದೇವೆ. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ನಾಲ್ಕೂ ಬಲ್ಲವರು ಹೊರನಾಡ ಕನ್ನಡಿಗರಲ್ಲದೆ ಮತ್ತೆ ಯಾರಿದ್ದಾರೆ? ಆಸ್ಪತ್ರೆಯವರು ಕರೆದಾಗ ಫೋನಿನಲ್ಲಿಯಾದರೂ ಹತ್ತು ನಿಮಿಷ ಮಾತನಾಡಲು ಹತ್ತು ಜನ ಸಾಕು. ಮೂರನೆಯದು, ಪರೀಕ್ಷೆಯ ದಿನದವರೆಗೆ ಉಳಿಯಲು ಜಾಗವಿಲ್ಲದ ತಾಯಿಗೂ ಮಗುವಿಗೂ ಎರಡು ಮೂರು ದಿನದ ಆಶ್ರಯ.

ಮನೆಗಳಲ್ಲಿ ಮಾಡಬೇಕಾದದ್ದನ್ನೂ ಹೇಳಿ ಮುಗಿಸುತ್ತೇನೆ. ಹಸುಗೂಸಿನ ಎರಡು ಪಾಪೆಗಳನ್ನೂ ಬೆಳಕಿನಲ್ಲಿ ನೋಡಿರಿ. ಎರಡೂ ಕರಿದಾಗಿ, ಒಂದೇ ಗಾತ್ರವಾಗಿ ಕಾಣಬೇಕು. ಮೊಬೈಲಿನ ಫ್ಲ್ಯಾಶ್ ಚಿತ್ರದಲ್ಲಿ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದು ಬಿಳಿ ಅಥವಾ ಹಳದಿಯಾಗಿಯೂ ಹೊಳೆದರೆ, ಅದು ಬೆಳಕಿನ ಕೋನದ ಆಟವೂ ಆಗಿರಬಹುದು, ಕ್ಯಾನ್ಸರೂ ಆಗಿರಬಹುದು. ನಿರ್ಣಯವನ್ನು ವೈದ್ಯರಿಗೆ ಬಿಟ್ಟು ಆ ವಾರವೇ ತೋರಿಸಿರಿ. ಮೂರು ತಿಂಗಳಾದರೂ ಮಗು ಮುಖ ನೋಡಿ ನಗದಿದ್ದರೆ, ಆಮೇಲೂ ಕಣ್ಣು ಹೊರಳುತ್ತಿದ್ದರೆ, ಅದೃಷ್ಟವೆಂದು ಸುಮ್ಮನಿರಬೇಡಿರಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿದ್ದರೆ ಮೂವತ್ತನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತಿಡಿರಿ. ಮಗು ನಿಮ್ಮನ್ನು ನೋಡುತ್ತಿರುವಂತೆ ಕಂಡರೂ ಹೋಗಿರಿ, ಏಕೆಂದರೆ ಈ ವ್ಯಾಧಿ ಮೊದಲು ಹೊರಗೆ ಏನನ್ನೂ ತೋರಿಸುವುದಿಲ್ಲ.

ಕಳೆದ ವಾರ ನಾನು ಈ ಭಾಷಣವನ್ನು ಬರೆಯುತ್ತಿರುವಾಗ ಮಗಳು ಬಂದು ಓದಿದಳು. ಕರಪತ್ರದ ಕರಡನ್ನು ತಾನೇ ಬರೆಯುತ್ತೇನೆಂದು ಹೇಳಿ, ನಿನ್ನೆ ರಾತ್ರಿ ಮುಗಿಸಿಕೊಟ್ಟಿದ್ದಾಳೆ. ಅದು ಈಗ ನನ್ನ ಜೇಬಿನಲ್ಲಿದೆ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಅಚ್ಚಿನ ಖರ್ಚಿಗೆಂದು ಮಾರ್ಚ್ ಮುಗಿಯುವವರೆಗೆ ಕಾಯುವುದು ಬೇಡವೆಂದು ಮಾತ್ರ ನನ್ನ ಕಳಕಳಿಯ ವಿನಂತಿ.